ಕಾಸನಿಯೂ ಕಾಲ್ನಡಿಗೆಯೂ: ಸಕ್ಕರೆ ಕಾಯಿಲೆಯವರ ಯಕೃತ್ತಿನ ಒಂದು ಚರಿತ್ರೆ

ನಮ್ಮ ಕುಟುಂಬದಲ್ಲಿ ನಾವೆಲ್ಲ ಖಾಲಾ ಎಂದು ಕರೆಯುವ ಹಿರಿಯರೊಬ್ಬರಿದ್ದಾರೆ. ಹನ್ನೆರಡು ವರ್ಷದಿಂದ ಅವರಿಗೆ ಸಕ್ಕರೆ ಕಾಯಿಲೆ. ಕಳೆದ ವರ್ಷ ಹೊಟ್ಟೆನೋವೆಂದು ಸ್ಕ್ಯಾನಿಂಗ್ ಮಾಡಿಸಿದಾಗ ವರದಿಯಲ್ಲಿ 'ಫ್ಯಾಟಿ ಲಿವರ್' ಎಂದು ಬಂತು. ಅಲ್ಲಿದ್ದ ಯುವ ವೈದ್ಯರು, 'ಇದು ಕುಡಿಯುವವರಲ್ಲಿ ಹೆಚ್ಚು' ಎಂದುಬಿಟ್ಟರು. ಖಾಲಾ ಅಲ್ಲಿಯೇ ಕುಸಿದು ಕುಳಿತರು. ಏಳು ತಲೆಮಾರಿನಿಂದ ಬಾಟಲಿಯ ಮುಚ್ಚಳ ಕಾಣದ ಮನೆ ಅವರದು. ವರದಿಯನ್ನು ಮಗನಿಗೂ ತೋರಿಸದೆ ಬೀರುವಿನಲ್ಲಿ ಬಟ್ಟೆಯ ಕೆಳಗೆ ಅಡಗಿಸಿಟ್ಟರು.

ಆಮೇಲೆ ಗುಟ್ಟಾಗಿ ಔಷಧಿ ಶುರುವಾಯಿತು. ನೆರೆಮನೆಯವರು ಹೇಳಿದ ಒಂದು ಚೂರ್ಣ, ಮೆಡಿಕಲ್ ಶಾಪಿನವರು ಚೀಟಿಯಿಲ್ಲದೆ ಕೊಟ್ಟ 'ಲಿವರ್ ಟಾನಿಕ್', ಬೆಳಿಗ್ಗೆ ಅಮೃತಬಳ್ಳಿಯ ಕಷಾಯ, ರಾತ್ರಿ ಅರಿಶಿನದ ಕ್ಯಾಪ್ಸೂಲ್. ನಾಲ್ಕು ತಿಂಗಳಲ್ಲಿ ಕಣ್ಣು ಹಳದಿಯಾಯಿತು. ದೊಡ್ಡ ಆಸ್ಪತ್ರೆಯ ವೈದ್ಯರು ಎಲ್ಲವನ್ನೂ ನಿಲ್ಲಿಸಿದರು. ನಿಲ್ಲಿಸಿದ ಆರೇಳು ವಾರಗಳಲ್ಲಿ ಕಾಮಾಲೆ ಇಳಿಯಿತು. ನಾಲ್ಕರಲ್ಲಿ ಯಾವುದು ಕೆಡಿಸಿತೆಂದು ಹೇಳಲಾಗುವುದಿಲ್ಲ ಎಂದರು. ಬರೆದುಕೊಟ್ಟ ಚೀಟಿಯ ಕೊನೆಯ ಸಾಲಿನಲ್ಲಿ 'ದಿನಕ್ಕೆ 40 ನಿಮಿಷ ನಡಿಗೆ' ಎಂದಿತ್ತು. ಮಾತ್ರೆಯ ಹೆಸರುಗಳನ್ನು ಓದಿದ ನಾವು ಯಾರೂ ಆ ಸಾಲನ್ನು ಓದಿರಲಿಲ್ಲ.

ಗಿಡಮೂಲಿಕೆಯ ಮೇಲೆ ನಮ್ಮ ಜನರಿಗಿರುವ ನಂಬಿಕೆ ಇಂದು ನಿನ್ನೆಯದಲ್ಲ. ಅದಕ್ಕೆ ಸಾವಿರಾರು ವರ್ಷಗಳ ಹಿನ್ನೆಲೆಯಿದೆ. ಆದರೆ ಆ ಹಳೆಯ ಗ್ರಂಥಗಳು ಮೂಲಿಕೆಯನ್ನು ಒಂಟಿಯಾಗಿ ಕೊಟ್ಟವೇ? ಅಲ್ಲಿಂದ ನಮ್ಮ ಬೀರುವಿನ ಕ್ಯಾಪ್ಸೂಲಿನವರೆಗೆ ಬರುವ ದಾರಿಯಲ್ಲಿ ಏನು ಉಳಿಯಿತು, ಏನು ಉದುರಿತು? ಇದನ್ನು ತಿಳಿಯಲು ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸಕ್ಕರೆ ಕಾಯಿಲೆಯನ್ನು ಬಹಳ ಹಿಂದೆಯೇ ಗುರುತಿಸಿದವರಲ್ಲಿ ಭಾರತದ ವೈದ್ಯರು ಮುಖ್ಯರು. ಮೂತ್ರ ಜೇನಿನಂತೆ ಸಿಹಿಯಾಗಿರುವುದನ್ನು ಕಂಡೇ ಅವರು ಅದಕ್ಕೆ ಮಧುಮೇಹ ಎಂದು ಹೆಸರಿಟ್ಟರು. ಕುಳಿತಲ್ಲೇ ಸುಖ ಕಾಣುವವರು, ಹೆಚ್ಚು ನಿದ್ರಿಸುವವರು, ಮೊಸರು, ಹೊಸ ಧಾನ್ಯ, ಬೆಲ್ಲದ ತಿನಿಸು ಇಷ್ಟಪಡುವವರು ಇದಕ್ಕೆ ಬೇಗ ತುತ್ತಾಗುತ್ತಾರೆ ಎಂದು ಚರಕ ಸಂಹಿತೆ ಹೇಳುತ್ತದೆ. ರೋಗಿಗಳಲ್ಲಿ ದಪ್ಪನೆಯವರು, ಸಣಕಲರು ಎಂಬ ಎರಡು ಬಗೆಯಿದೆ, ಇಬ್ಬರಿಗೂ ಒಂದೇ ಚಿಕಿತ್ಸೆ ಸಲ್ಲದು ಎಂಬುದನ್ನೂ ಆ ಕಾಲದವರು ಅರಿತಿದ್ದರು. ಇಂದಿನ ಒಂದನೇ ಬಗೆ, ಎರಡನೇ ಬಗೆ ಎಂಬ ವಿಂಗಡಣೆಗೆ ಇದು ಸರಿಸಮವಲ್ಲದಿದ್ದರೂ ಹತ್ತಿರದ್ದು.

ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಬರುವ ಒಂದು ಸೂಚನೆ ನಮ್ಮನ್ನು ಬೆರಗುಗೊಳಿಸುತ್ತದೆ. ಹಣವಿಲ್ಲದ, ಬಂಧುಗಳಿಲ್ಲದ ಮಧುಮೇಹಿ ಚಪ್ಪಲಿ ಮತ್ತು ಕೊಡೆ ಬಿಟ್ಟು, ಭಿಕ್ಷೆಯ ಅನ್ನ ಉಂಡು, ಊರಿಂದೂರಿಗೆ ಹೋಗುತ್ತ ನೂರು ಯೋಜನ ಅಥವಾ ಅದಕ್ಕೂ ಹೆಚ್ಚು ನಡೆಯಬೇಕು. ಹಣವುಳ್ಳವನು ಊದಲು, ಕಾಡುಭತ್ತದಂಥ ಒರಟು ಧಾನ್ಯ ತಿನ್ನಬೇಕು. ಮತ್ತೊಬ್ಬ ಬಾವಿ ತೋಡಬೇಕು. ಸಣಕಲ ರೋಗಿಯನ್ನು ಮಾತ್ರ ಹೀಗೆ ದಣಿಸಬಾರದು, ಕಾಪಾಡಬೇಕು. ಯೋಜನದ ಲೆಕ್ಕ ಒಬ್ಬೊಬ್ಬರದು ಒಂದೊಂದು. ಎಂಟು ಮೈಲಿ ಎಂದು ಹಿಡಿದರೆ ನೂರು ಯೋಜನವೆಂದರೆ 800 ಮೈಲಿ. ಬೀದರಿನಿಂದ ಚಾಮರಾಜನಗರಕ್ಕೆ ನಡೆದು, ಮರಳಿ ಸುಮಾರು ಅರ್ಧ ದಾರಿ ಬಂದಷ್ಟು! ಸುಶ್ರುತ ಸಂಹಿತೆಯಲ್ಲಿ ಮೂಲಿಕೆಗಳೂ ಇವೆ, ಬೇಕಾದಷ್ಟಿವೆ. ಆದರೆ ಅವು ನಡಿಗೆಗೆ ಬದಲಿಯಾಗಿ ಬಂದವಲ್ಲ.

ಯೂನಾನಿ ಪರಂಪರೆಗೆ ಬಂದರೆ ಅಲ್ಲಿ ಯಕೃತ್ತಿಗೆ, ಅಂದರೆ ಜಿಗರ್‌ಗೆ, ರಾಜಮರ್ಯಾದೆ. ಹೃದಯ ಮತ್ತು ಮೆದುಳಿನ ಜೊತೆಗೆ ಅದೂ ದೇಹದ ಮುಖ್ಯ ಅಂಗ. ಉಂಡ ಅನ್ನದ ರಸ ಯಕೃತ್ತಿಗೆ ಹೋಗಿ ಅಲ್ಲಿ ರಕ್ತವಾಗುತ್ತದೆ ಎಂದು ಗ್ರೀಕ್ ವೈದ್ಯ ಗ್ಯಾಲೆನ್ ಬರೆದಿದ್ದ. ಅರಬ್ಬಿ ವೈದ್ಯರು ಅದನ್ನೇ ಮುಂದುವರಿಸಿದರು. ಪ್ರಾಣಮಿತ್ರನಿಗೆ ನಮ್ಮ ಮನೆಗಳಲ್ಲಿ ಇಂದಿಗೂ 'ಜಿಗ್ರಿ ದೋಸ್ತ್' ಎನ್ನುತ್ತಾರಲ್ಲ, ಆ ಮಾತಿನ ಬೇರೂ ಇದೇ ಜಿಗರ್‌ನಲ್ಲಿದೆ.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ನಮ್ಮ ಪೂರ್ವಿಕರ ಹಿರಿಮೆ ಹೇಳುವ ಉತ್ಸಾಹದಲ್ಲಿ, 'ಸಕ್ಕರೆ ಕಾಯಿಲೆಗೂ ಯಕೃತ್ತಿಗೂ ಇರುವ ನಂಟನ್ನು ಸಾವಿರ ವರ್ಷದ ಹಿಂದೆಯೇ ಕಂಡುಹಿಡಿದಿದ್ದರು' ಎಂದು ಬರೆಯುವವರಿದ್ದಾರೆ. ಅದು ಸರಿಯಲ್ಲ. ಗ್ಯಾಲೆನ್ ಇದನ್ನು ಮೂತ್ರಪಿಂಡದ ದೌರ್ಬಲ್ಯವೆಂದು ತಿಳಿದಿದ್ದ. ಯೂನಾನಿ ಗ್ರಂಥಗಳೂ ಬಹುಮಟ್ಟಿಗೆ ಅದೇ ಜಾಡಿನಲ್ಲಿ ನಡೆದವು. 1231ರಲ್ಲಿ ತೀರಿಕೊಂಡ ಬಗ್ದಾದಿನ ಅಬ್ದುಲ್ಲತೀಫ್ ಈ ರೋಗದ ಬಗ್ಗೆಯೇ ಒಂದು ಪ್ರತ್ಯೇಕ ಕಿರುಗ್ರಂಥ ಬರೆದರು. ರೋಗವನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರು ಎಂಬುದೇ ಹೆಮ್ಮೆಗೆ ಸಾಕು.

ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥವನ್ನು 1025ರ ಸುಮಾರಿಗೆ ಮುಗಿಸಿದರು. ಆರೋಗ್ಯ ಕಾಪಾಡುವ ಬಗೆಯನ್ನು ಹೇಳುವಾಗ ಅವರು ಹಾಕಿದ ಕ್ರಮ ಗಮನಿಸುವಂಥದ್ದು: ಮೊದಲು ವ್ಯಾಯಾಮ, ಅಂದರೆ ರಿಯಾಜತ್, ಆಮೇಲೆ ಆಹಾರ, ಅದರ ನಂತರ ನಿದ್ರೆ. ವ್ಯಾಯಾಮವೆಂದರೇನು ಎಂಬುದಕ್ಕೂ ಅವರು ಅಳತೆ ಕೊಟ್ಟರು. ನಾವಾಗಿಯೇ ಮಾಡುವ, ಉಸಿರು ಆಳವಾಗಿ ಬಿಡದೆ ಆಡುವಂತೆ ಮಾಡುವ ಚಲನೆಯೇ ವ್ಯಾಯಾಮ. ಅಡುಗೆಮನೆಯಿಂದ ಪಡಸಾಲೆಗೆ ನೂರು ಸಲ ಓಡಾಡಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ ಎಂದು ಇಂದಿನ ವೈದ್ಯರು ಹೇಳಿದರೆ ನಮ್ಮ ಮನೆಯ ಹೆಂಗಸರಿಗೆ ಸಿಟ್ಟು ಬರುತ್ತದೆ. ಇಬ್ನ್ ಸೀನಾ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಕುಸ್ತಿ, ಓಟ, ಬಿಲ್ಲುಗಾರಿಕೆ ಬಲವಂತರಿಗೆ. ಬಲವಿಲ್ಲದವರಿಗೆ ತೂಗುಮಂಚ, ದೋಣಿಯ ಪಯಣ, ಮೈ ಉಜ್ಜುವಿಕೆ. ಅವರಿಗಿಂತ ಮೊದಲಿನ ಅಲ್ ರಾಝಿಯ ಹೆಸರಿನಲ್ಲಿಯೂ ಒಂದು ತಿಳಿವಳಿಕೆ ಚಾಲ್ತಿಯಲ್ಲಿದೆ: ಆಹಾರದಿಂದ ವಾಸಿಯಾಗುವ ಕಡೆ ವೈದ್ಯ ಔಷಧಿಗೆ ಕೈ ಹಾಕಬಾರದು ಎಂಬುದು.

ಮೂಲಿಕೆಗಳ ಪೈಕಿ ಜಿಗರ್‌ಗೆ ಹಕೀಮರು ಹೆಚ್ಚು ನೆಚ್ಚಿಕೊಂಡದ್ದು ಕಾಸನಿ. ಅರಬ್ಬಿಯಲ್ಲಿ ಹಿಂದಬಾ. ಇದರ ಬಗ್ಗೆಯೇ ಇಬ್ನ್ ಸೀನಾ ಒಂದು ಪುಟ್ಟ ಪ್ರಬಂಧ ಬರೆದಿದ್ದಾರೆ. ನೀಲಿ ಹೂ ಬಿಡುವ ಈ ಗಿಡದ ಎಲೆ, ಬೀಜ, ಬೇರು ಮೂರನ್ನೂ ಯಕೃತ್ತಿನ ಊತಕ್ಕೆ, ಕಾಮಾಲೆಗೆ ಕೊಡುತ್ತಿದ್ದರು. ಕನ್ನಡಿಗರು ಇದನ್ನು ದಿನವೂ ಕುಡಿಯುತ್ತಿದ್ದಾರೆ ಎಂದರೆ ಆಶ್ಚರ್ಯವಾಗಬಹುದು. ಬಾಬಾಬುಡನ್ ಗಿರಿಯ ಕಡೆಯ ಕಾಫಿ ಪುಡಿಗೆ ಬೆರೆಸುವ ಚಿಕೋರಿ ಇದೇ ಕಾಸನಿಯ ಹುರಿದ ಬೇರು. ಹಾಗೆಂದು ಲೋಟ ತುಂಬ ಕಾಫಿ ಕುಡಿದು ಔಷಧಿ ತೆಗೆದುಕೊಂಡೆ ಎಂದುಕೊಳ್ಳಬೇಡಿ, ಅದರಲ್ಲಿ ಎರಡು ಚಮಚ ಸಕ್ಕರೆಯೂ ಇರುತ್ತದೆ.

ಹಕೀಮರು ಕಾಸನಿ ಕೊಡುವಾಗ ರೋಗಿಯ ನಾಡಿ ನೋಡುತ್ತಿದ್ದರು, ಮೂತ್ರದ ಬಣ್ಣ ನೋಡುತ್ತಿದ್ದರು, ಇಷ್ಟು ದಿನ ಎಂದು ಅವಧಿ ಹಾಕುತ್ತಿದ್ದರು, ಪಥ್ಯ ಹೇಳುತ್ತಿದ್ದರು. ವರ್ಷಗಟ್ಟಲೆ ತಾನಾಗಿಯೇ ತಿನ್ನುತ್ತ ಹೋಗುವ ಪದ್ಧತಿ ಆ ವೈದ್ಯದಲ್ಲಿ ಇರಲಿಲ್ಲ.

ಸಕ್ಕರೆಗೂ ಯಕೃತ್ತಿಗೂ ನಂಟು ಬೆಸೆದದ್ದು ಹತ್ತೊಂಬತ್ತನೇ ಶತಮಾನದ ಪ್ಯಾರಿಸ್. ಪ್ರಾಣಿಯ ದೇಹ ಸಕ್ಕರೆಯನ್ನು ತಾನು ತಯಾರಿಸುವುದಿಲ್ಲ, ತಿಂದದ್ದೇ ರಕ್ತಕ್ಕೆ ಬರುತ್ತದೆ ಎಂದು ಎಲ್ಲರೂ ನಂಬಿದ್ದ ಕಾಲ. ಕ್ಲಾಡ್ ಬರ್ನಾರ್ಡ್ ಎಂಬ ವಿಜ್ಞಾನಿ ನಾಯಿಗೆ ಬರೀ ಮಾಂಸ ತಿನ್ನಿಸಿ ಪರೀಕ್ಷಿಸಿದಾಗಲೂ ಯಕೃತ್ತಿನಿಂದ ಹೊರಬರುವ ರಕ್ತದಲ್ಲಿ ಸಕ್ಕರೆ ಸಿಕ್ಕಿತು. ಅದು 1848. ಏಳು ವರ್ಷದ ನಂತರ ಅವರು ಮಾಡಿದ ಪ್ರಯೋಗ ಇನ್ನೂ ಸ್ವಾರಸ್ಯದ್ದು. ಆಗಷ್ಟೇ ಸತ್ತ ಪ್ರಾಣಿಯ ಯಕೃತ್ತನ್ನು ತೆಗೆದು, ಅದರ ರಕ್ತನಾಳದೊಳಗೆ ತಣ್ಣೀರು ಹಾಯಿಸಿ, ಸಕ್ಕರೆಯ ಸುಳಿವೇ ಇಲ್ಲವಾಗುವವರೆಗೆ ತೊಳೆದರು. ಹಾಗೆಯೇ ಬಿಟ್ಟು ಮರುದಿನ ಬಂದು ನೋಡಿದರೆ ಅದೇ ಯಕೃತ್ತಿನಲ್ಲಿ ಮತ್ತೆ ಸಕ್ಕರೆ ತುಂಬಿತ್ತು! ಅಂದರೆ ಸಕ್ಕರೆಯಾಗಬಲ್ಲ ಏನೋ ಒಂದು ವಸ್ತು ಅದರೊಳಗೆ ದಾಸ್ತಾನಿದೆ. 1857ರಲ್ಲಿ ಅದನ್ನು ಬೇರ್ಪಡಿಸಿ ಗ್ಲೈಕೋಜನ್ ಎಂದು ಕರೆದರು.

ಯಕೃತ್ತು ದೇಹದ ಕಣಜ ಎಂದು ತಿಳಿದದ್ದು ಹೀಗೆ. ಉಂಡಾಗ ತುಂಬಿಟ್ಟುಕೊಳ್ಳುತ್ತದೆ, ಹಸಿದಾಗ ಬಿಟ್ಟುಕೊಡುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಈ ಕಣಜದ ಬಾಗಿಲು ಮುಚ್ಚುವುದೇ ಇಲ್ಲ. ರಾತ್ರಿ ಏನೂ ತಿನ್ನದೆ ಮಲಗಿದರೂ ಬೆಳಿಗ್ಗೆ ಸಕ್ಕರೆ ಏರಿರುವುದಕ್ಕೆ ಮುಖ್ಯ ಕಾರಣ ಇದೇ. 1889ರಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೆರಿಂಗ್ ನಾಯಿಯ ಮೇದೋಜೀರಕ ಗ್ರಂಥಿ ತೆಗೆದಾಗ ಅದಕ್ಕೆ ಸಕ್ಕರೆ ಕಾಯಿಲೆ ಬಂತು. 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಸಿಕ್ಕಿತು. ಎಲ್ಲರ ಕಣ್ಣು ಮೇದೋಜೀರಕದ ಮೇಲೆ ನೆಟ್ಟಿತು, ಯಕೃತ್ತು ಬಹುಕಾಲ ಮರೆಗೆ ಸರಿಯಿತು.

ಅದೇ ಪ್ಯಾರಿಸಿನಲ್ಲಿ ಬರ್ನಾರ್ಡರ ಸಮಕಾಲೀನ ಅಪೊಲಿನೇರ್ ಬುಶಾರ್ಡಾ ಇದ್ದರು. 1870ರ ಸೆಪ್ಟೆಂಬರ್‌ನಿಂದ ಮರುವರ್ಷ ಜನವರಿಯವರೆಗೆ ಪ್ರಷ್ಯಾದ ಸೇನೆ ಪ್ಯಾರಿಸಿಗೆ ಮುತ್ತಿಗೆ ಹಾಕಿತ್ತು. ಜನ ಒಣ ಬ್ರೆಡ್ಡಿಗೂ ಸಾಲು ನಿಲ್ಲುವ ಸ್ಥಿತಿ. ಆ ಹಸಿವಿನ ದಿನಗಳಲ್ಲಿ ತಮ್ಮ ಕೆಲವು ರೋಗಿಗಳ ಮೂತ್ರದಿಂದ ಸಕ್ಕರೆ ಮಾಯವಾದದ್ದನ್ನು ಬುಶಾರ್ಡಾ ಕಂಡರು. ಅವರು ಮೊದಲಿನಿಂದಲೂ ಮಿತಾಹಾರ ಮತ್ತು ಮೈಬೆವರುವ ದುಡಿಮೆಯನ್ನು ರೋಗಿಗಳಿಗೆ ವಿಧಿಸುತ್ತಿದ್ದವರು. ಯಾವ ಗ್ರಂಥವೂ ಹೇಳಿರದಷ್ಟು ಗಟ್ಟಿಯಾಗಿ ಯುದ್ಧ ಅವರ ಮಾತನ್ನು ಹೇಳಿತ್ತು. ಇನ್ಸುಲಿನ್ ಬಂದ ಮೇಲೂ ಬಾಸ್ಟನ್ನಿನ ವೈದ್ಯ ಎಲಿಯಟ್ ಜಾಸ್ಲಿನ್ ಆಹಾರ, ವ್ಯಾಯಾಮ, ಇನ್ಸುಲಿನ್ ಮೂರನ್ನೂ ಒಂದೇ ರಥದ ಕುದುರೆಗಳೆಂದು ಹೇಳುತ್ತಿದ್ದರು.

ಇನ್ನು ಮೂಲಿಕೆಯ ಕಡೆ ಏನಾಯಿತು ನೋಡೋಣ. ಯುರೋಪಿನ ಹೊಲದ ಬದುಗಳಲ್ಲಿ ಗಲೆಗಾ ಎಂಬ ಗಿಡ ಬೆಳೆಯುತ್ತದೆ. ಅಲ್ಲಿನ ನಾಟಿ ವೈದ್ಯರು ಜ್ವರ, ಹುಳುಬಾಧೆಗಳಿಗೆ ಅದನ್ನು ಬಳಸುತ್ತಿದ್ದರು, ಅತಿಮೂತ್ರಕ್ಕೂ ಕೊಡುತ್ತಿದ್ದರು. 1891ರಲ್ಲಿ ಅಮೆರಿಕದ ಯೂಟಾದಲ್ಲಿ ಒಳ್ಳೆಯ ಮೇವಾದೀತೆಂದು ಇದನ್ನು ಬೆಳೆಸಿದಾಗ ಅದು ಜಾನುವಾರುಗಳಿಗೆ ವಿಷವೆಂದು ತಿಳಿಯಿತು. ಅಲ್ಲಿ ಇಂದಿಗೂ ಅದು ಕಿತ್ತೊಗೆಯಬೇಕಾದ ಕಳೆ. ಗಿಡದೊಳಗಿನ ಗಲೆಜಿನ್ ಎಂಬ ವಸ್ತು ರಕ್ತದ ಸಕ್ಕರೆ ಇಳಿಸುತ್ತಿತ್ತು, ಆದರೆ ಅದು ನಂಜು. ಅದರ ಜಾತಿಗೇ ಸೇರಿದ ಸಿಂಥಲಿನ್ ಎಂಬ ಔಷಧಿಯನ್ನು 1926ರಲ್ಲಿ ಜರ್ಮನಿಯಲ್ಲಿ ಸಕ್ಕರೆ ಕಾಯಿಲೆಗೆಂದು ಬಳಕೆಗೆ ತಂದರು. ಚುಚ್ಚುಮದ್ದಿನ ಬದಲು ನುಂಗುವ ಮಾತ್ರೆ! ರೋಗಿಗಳು ಎಷ್ಟು ಹಿಗ್ಗಿರಬೇಡ? ಸಕ್ಕರೆಯೇನೋ ಇಳಿಯಿತು, ಜೊತೆಗೆ ಯಕೃತ್ತು ಕೆಟ್ಟಿತು. ಆ ಮಾತ್ರೆಯನ್ನು ಕೈಬಿಡಬೇಕಾಯಿತು.

ಅದೇ ಕುಲದ ಮತ್ತೊಂದು ವಸ್ತುವನ್ನು 1922ರಲ್ಲಿಯೇ ಪ್ರಯೋಗಾಲಯದಲ್ಲಿ ತಯಾರಿಸಿದ್ದರು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅದನ್ನು ಮನುಷ್ಯರಿಗೆ ಕೊಟ್ಟು, ಸಕ್ಕರೆ ಇಳಿಯುತ್ತದೆ, ನಂಜು ಕಡಿಮೆ ಎಂದು ಪ್ಯಾರಿಸಿನ ಜಾನ್ ಸ್ಟರ್ನ್ 1957ರಲ್ಲಿ ತೋರಿಸಿದರು. ಇಂದು ಸಕ್ಕರೆ ಕಾಯಿಲೆಯ ಬಹುತೇಕ ಎಲ್ಲರ ಮನೆಯಲ್ಲಿರುವ ಮೆಟ್‌ಫಾರ್ಮಿನ್ ಅದೇ. ಅದು ಕೆಲಸ ಮಾಡುವುದು ಮುಖ್ಯವಾಗಿ ಯಕೃತ್ತಿನಲ್ಲಿ, ಕಣಜದಿಂದ ಸಕ್ಕರೆ ಹೊರಬರುವುದನ್ನು ತಗ್ಗಿಸಿ. 'ಇಂಗ್ಲಿಷ್ ಔಷಧಿ ಬೇಡ, ಗಿಡದ್ದು ಸಾಕು' ಎನ್ನುವ ನಮ್ಮವರಿಗೆ ಈ ಕತೆ ಗೊತ್ತಿರಬೇಕು. ಅವರು ಬೇಡವೆನ್ನುವ ಬಿಳಿ ಮಾತ್ರೆಯ ಮೂಲವೂ ಒಂದು ಗಿಡವೇ. ನಂಜು ಎಷ್ಟು, ಗುಣ ಎಷ್ಟು ಎಂದು ಅಳೆಯಲು ಹತ್ತಾರು ವರ್ಷ ಹಿಡಿಯಿತು ಅಷ್ಟೆ. ಹಾಗೆಂದು ಕಾರ್ಖಾನೆಯ ಮಾತ್ರೆಗಳೆಲ್ಲ ಸಾಧುಗಳೂ ಅಲ್ಲ. 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟ್ರೋಗ್ಲಿಟಜೋನ್ ಎಂಬ ಸಕ್ಕರೆ ಮಾತ್ರೆಯನ್ನು ಯಕೃತ್ತು ಹಾಳಾಗಿ ಜನ ಸತ್ತದ್ದರಿಂದ 2000ದಲ್ಲಿ ಹಿಂದಕ್ಕೆ ಪಡೆಯಬೇಕಾಯಿತು.

ಭಾರತದಲ್ಲಿಯೂ ಹಕೀಮರ ಮೂಲಿಕೆಗಳನ್ನು ಪ್ರಯೋಗಾಲಯಕ್ಕೆ ತಂದವರಿದ್ದರು. ಹಕೀಂ ಅಜ್ಮಲ್ ಖಾನರ ಆಸಕ್ತಿಯಿಂದ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಂಶೋಧನೆಗೆ ತೊಡಗಿದ ಸಲೀಮುಜ್ಜಮಾನ್ ಸಿದ್ದೀಕಿ 1931ರಲ್ಲಿ ಸರ್ಪಗಂಧದ ಬೇರಿನಿಂದ ಒಂದು ವಸ್ತುವನ್ನು ಬೇರ್ಪಡಿಸಿ, ಆಗಲೇ ತೀರಿಕೊಂಡಿದ್ದ ಹಕೀಮರ ನೆನಪಿಗೆ ಅಜ್ಮಲಿನ್ ಎಂದು ಹೆಸರಿಟ್ಟರು. ಅದು ಹೃದಯದ ಔಷಧಿಯಾಗಿ ಜಗತ್ತಿನ ಆಸ್ಪತ್ರೆಗಳಿಗೆ ಹೋಯಿತು. ಅದೇ ಸರ್ಪಗಂಧದಿಂದ ಮಾತ್ರೆ ಮಾಡಿ ವ್ಯಾಪಾರಕ್ಕೆ ಇಳಿದವರು ಮೊಹಮ್ಮದ್ ಮನಾಲ್. 1930ರಲ್ಲಿ ಡೆಹ್ರಾಡೂನಿನಲ್ಲಿ ಹಿಮಾಲಯ ಡ್ರಗ್ ಕಂಪೆನಿ ಕಟ್ಟಿದವರು. ಮುಂದೆ 1970ರ ದಶಕದಲ್ಲಿ ಆ ಕಂಪೆನಿ ಬೆಂಗಳೂರಿನ ಹೊರವಲಯದ ಮಾಕಳಿಗೆ ಬಂತು. 1955ರಲ್ಲಿ ಅವರು ತಂದ ಲಿವ್-52 ಮಾತ್ರೆಯಲ್ಲಿ ಹಕೀಮರ ಅದೇ ಕಾಸನಿ ಇದೆ, ಕಬರ್ ಇದೆ, ನಮ್ಮ ಗಣಿಕೆ ಸೊಪ್ಪು ಇದೆ. ಒಬ್ಬ ಭಾರತೀಯ ಮುಸ್ಲಿಮ್ ಉದ್ಯಮಿಯ ಸಾಹಸವಾಗಿ ಈ ಕತೆ ನಮಗೆ ಮೆಚ್ಚುಗೆಯದೇ.

ಮೆಚ್ಚುಗೆ ಬೇರೆ, ಪರೀಕ್ಷೆ ಬೇರೆ. ಕುಡಿತದಿಂದ ಯಕೃತ್ತು ಗಟ್ಟಿಯಾದವರ ಮೇಲೆ ಯುರೋಪಿನಲ್ಲಿ ಈ ಮಾತ್ರೆಯನ್ನು ಹುಸಿಮಾತ್ರೆಯೊಂದಿಗೆ ಹೋಲಿಸಿ ನೋಡಿದರು. 1997ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ರೋಗ ತೀರ ಮುಂದುವರಿದಿದ್ದವರಲ್ಲಿ ಮಾತ್ರೆ ತಿಂದವರ ಗತಿ ಹುಸಿಮಾತ್ರೆ ತಿಂದವರದಕ್ಕಿಂತ ಕೆಟ್ಟದಾಗಿತ್ತು. ಶ್ರೀಲಂಕಾದಲ್ಲಿ ನಡೆದ, 2003ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಗುಣವಾಗಲಿ ದೋಷವಾಗಲಿ ಗಮನಾರ್ಹವಾಗಿ ಕಾಣಲಿಲ್ಲ. ಇವೆರಡೂ ಕುಡಿತದ ರೋಗಿಗಳ ಮೇಲೆ ನಡೆದವು, ಸಕ್ಕರೆ ಕಾಯಿಲೆಯವರ ಮೇಲಲ್ಲ ಎಂಬುದು ನಿಜ. ಆದರೆ 'ಗಿಡದ್ದಲ್ಲವೇ, ಒಳ್ಳೆಯದಾಗದಿದ್ದರೂ ಕೆಟ್ಟದ್ದಂತೂ ಆಗದು' ಎನ್ನುವ ನಮ್ಮ ಮಾತಿಗೆ ಮೊದಲನೆಯದು ಉತ್ತರ.

ಜರ್ಮನರ ನೆಚ್ಚಿನ ಮೂಲಿಕೆ ಹಾಲುಮುಳ್ಳು, ಮೆಡಿಕಲ್ ಶಾಪುಗಳಲ್ಲಿ ಸಿಲಿಮರಿನ್ ಎಂಬ ಹೆಸರಿನಲ್ಲಿ ಸಿಗುವುದು ಇದರ ಸತ್ವ. ಎರಡು ಸಾವಿರ ವರ್ಷದ ಹಿಂದೆ ಡಿಯೋಸ್ಕೊರಿಡಿಸ್ ಬರೆದ ಗಿಡಗಳಲ್ಲಿ ಇದೂ ಒಂದು. 1960ರ ದಶಕದ ಕೊನೆಯಲ್ಲಿ ಮ್ಯೂನಿಕ್ಕಿನಲ್ಲಿ ಇದರ ಸತ್ವವನ್ನು ಬೇರ್ಪಡಿಸಿದರು. ವಿಷದ ಅಣಬೆ ತಿಂದವರಿಗೆ ಇದರ ಚುಚ್ಚುಮದ್ದನ್ನು ಯುರೋಪಿನ ಆಸ್ಪತ್ರೆಗಳಲ್ಲಿ ಕೊಡುತ್ತಾರೆ. ಇಟಲಿಯಲ್ಲಿ 60 ಮಂದಿ ಸಕ್ಕರೆ ರೋಗಿಗಳ ಮೇಲೆ ಒಂದು ವರ್ಷ ನಡೆಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಕೃತ್ತು ಕೆಟ್ಟಿದ್ದ ಆ ರೋಗಿಗಳ ಸಕ್ಕರೆಯೂ ಇನ್ಸುಲಿನ್ ಅಗತ್ಯವೂ ಇಳಿದವು. ಆಸೆ ಚಿಗುರಿತು. ಇಪ್ಪತ್ತು ವರ್ಷದ ನಂತರ, 2017ರಲ್ಲಿ, ಮಲೇಷ್ಯಾದ ವೈದ್ಯರು ಕೊಬ್ಬಿನಿಂದ ಯಕೃತ್ತು ಊದಿಕೊಂಡ 99 ಮಂದಿಗೆ ಇನ್ನೂ ದೊಡ್ಡ ಪ್ರಮಾಣದಲ್ಲಿ 48 ವಾರ ಕೊಟ್ಟು, ಯಕೃತ್ತಿನ ತುಣುಕು ತೆಗೆದು ನೋಡಿದರು. ಹುಸಿಮಾತ್ರೆ ತಿಂದವರಿಗಿಂತ ಹೇಳಿಕೊಳ್ಳುವಂಥ ವ್ಯತ್ಯಾಸ ಮುಖ್ಯ ಗುರಿಯಲ್ಲಿ ಸಿಗಲಿಲ್ಲ. ನಾರುಗಟ್ಟುವಿಕೆ ಕೆಲವರಲ್ಲಿ ತಗ್ಗಿದಂತೆ ಕಂಡಿತು, ಅದನ್ನು ಇನ್ನೂ ದೊಡ್ಡ ಪರೀಕ್ಷೆಯಲ್ಲಿ ನೋಡಬೇಕು ಎಂದರು. ಅಪಾಯ ಕಡಿಮೆ, ಲಾಭ ಅನಿಶ್ಚಿತ: ಸಿಲಿಮರಿನ್ ಬಗ್ಗೆ ಇಷ್ಟನ್ನೇ ಹೇಳಬಹುದು.

ಖಾಲಾ ಅವರನ್ನು ನಾಚಿಸಿದ ಆ ರೋಗಕ್ಕೆ ಹೆಸರು ಬಂದದ್ದು 1980ರಲ್ಲಿ. ಅಮೆರಿಕದ ಮೇಯೋ ಕ್ಲಿನಿಕ್ಕಿನ ಯುರ್ಗೆನ್ ಲುಡ್‌ವಿಗ್ ಮತ್ತು ಸಂಗಡಿಗರು 20 ರೋಗಿಗಳ ಯಕೃತ್ತಿನ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅಪ್ಪಟ ಕುಡುಕರ ಯಕೃತ್ತಿನಂತೆಯೇ ಇತ್ತು. ಆದರೆ ಇವರು ಕುಡಿಯುವವರಲ್ಲ. ಹೆಚ್ಚಿನವರು ಹೆಂಗಸರು, ಮೈ ಬಂದವರು. ಹಲವರಿಗೆ ಸಕ್ಕರೆ ಕಾಯಿಲೆ. ಅದುವರೆಗೆ ಇಂಥ ರೋಗಿ 'ನಾನು ಕುಡಿಯುವುದಿಲ್ಲ' ಎಂದರೆ ವೈದ್ಯರು ನಂಬುತ್ತಿರಲಿಲ್ಲ. ಎಷ್ಟು ಜನ ಸುಳ್ಳುಗಾರರೆನಿಸಿಕೊಂಡರೋ! ಲುಡ್‌ವಿಗ್ ಇಟ್ಟ ಹೆಸರಿನಲ್ಲಿಯೂ 'ಆಲ್ಕೊಹಾಲ್ ಅಲ್ಲದ' ಎಂಬ ಮಾತಿನ ನೆರಳು ಉಳಿದೇ ಇತ್ತು. 2023ರಲ್ಲಿ ಅಂತಾರಾಷ್ಟ್ರೀಯ ಯಕೃತ್ ತಜ್ಞರು ಆ ಹೆಸರನ್ನು ಕೈಬಿಟ್ಟು, ದೇಹದ ಚಯಾಪಚಯದ ಏರುಪೇರಿನಿಂದ ಬರುವ ಕೊಬ್ಬಿನ ಯಕೃತ್ತು ಎಂಬರ್ಥದ ಹೊಸ ಹೆಸರು ಕೊಟ್ಟರು. ಹೆಸರು ಬದಲಿಸಿದ್ದಕ್ಕೆ ಕೊಟ್ಟ ಕಾರಣಗಳಲ್ಲಿ ರೋಗಿಗಳಿಗೆ ಅಂಟುವ ಕಳಂಕವೂ ಒಂದು. ಬೀರುವಿನಲ್ಲಿ ಅಡಗಿದ ವರದಿಗಳು ನಮ್ಮ ಊರಿನಲ್ಲಿ ಮಾತ್ರ ಇರಲಿಲ್ಲ ಎಂದಾಯಿತು.

ಇದು ಸಣ್ಣ ಸಂಖ್ಯೆಯ ಮಾತಲ್ಲ. ಭಾರತದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ತಿಳಿಸಿತು. ಎರಡನೇ ಬಗೆಯ ಸಕ್ಕರೆ ಕಾಯಿಲೆಯವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಯಕೃತ್ತಿನಲ್ಲಿ ಕೊಬ್ಬಿದೆ ಎಂದು ಜಗತ್ತಿನ ಅಧ್ಯಯನಗಳು ಹೇಳುತ್ತವೆ. ಕೇಂದ್ರ ಸರ್ಕಾರ 2021ರಲ್ಲಿ ಈ ರೋಗವನ್ನು ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ಎಲ್ಲರಿಗೂ ಇದು ಅಪಾಯಕ್ಕೆ ಹೋಗುವುದಿಲ್ಲ. ಆದರೆ ಕೆಲವರಲ್ಲಿ ಕೊಬ್ಬು ಊತವಾಗಿ, ಊತ ನಾರಾಗಿ, ಕೊನೆಗೆ ಯಕೃತ್ತು ಕಲ್ಲಿನಂತಾಗುತ್ತದೆ.

ನಡಿಗೆಯ ಪರವಾಗಿ ಬಂದ ಸಾಕ್ಷ್ಯಗಳಿಗೆ ಮೂಲಿಕೆಗಳಿಗಿದ್ದಂಥ ಗೊಂದಲವಿಲ್ಲ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮ್ಮನೆ ಬಿಟ್ಟವರಲ್ಲಿ 55 ಶೇಕಡ ಜನ ರೋಗಿಗಳಾದರು. ಆಹಾರ ಬದಲಿಸಿ ನಡೆದವರಲ್ಲಿ 39.3. ಮೆಟ್‌ಫಾರ್ಮಿನ್ ತಿಂದವರಲ್ಲಿ 40.5. ಎರಡನ್ನೂ ಮಾಡಿದವರಲ್ಲಿ 39.5. ಅಂದರೆ ನಡೆದವರಿಗೆ ಮಾತ್ರೆ ಹೆಚ್ಚಿಗೆ ಏನನ್ನೂ ಕೊಡಲಿಲ್ಲ! ಯಕೃತ್ತಿನದೇ ಮಾತು ಬೇಕೆಂದರೆ ಕ್ಯೂಬಾದ 2015ರ ವರದಿ ಇದೆ. 293 ರೋಗಿಗಳಿಗೆ ಒಂದು ವರ್ಷ ಕಡಿಮೆ ಊಟ, ವಾರಕ್ಕೆ 200 ನಿಮಿಷ ನಡಿಗೆ. ಮೈತೂಕ ಹತ್ತನೇ ಒಂದು ಭಾಗ ಇಳಿಸಿಕೊಂಡವರ ಪೈಕಿ ಹತ್ತರಲ್ಲಿ ಒಂಬತ್ತು ಮಂದಿಯ ಊತ ಮಾಯವಾಯಿತು, ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯಲ್ಲಿ ನಾರುಗಟ್ಟಿದ್ದೂ ತಗ್ಗಿತು. ತೂಕ ಇಳಿಯದಿದ್ದರೂ ವ್ಯಾಯಾಮದಿಂದ ಯಕೃತ್ತಿನ ಕೊಬ್ಬು ಸ್ವಲ್ಪ ಕರಗುತ್ತದೆ ಎಂದು ಆಸ್ಟ್ರೇಲಿಯ, ಇಂಗ್ಲೆಂಡಿನ ಅಧ್ಯಯನಗಳು ತೋರಿಸಿವೆ. ಸ್ನಾಯು ದುಡಿಯುವಾಗ ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಕಣಜಕ್ಕೆ ಬಂದು ಕೊಬ್ಬಾಗುವ ಭಾರ ಅಷ್ಟು ತಗ್ಗುತ್ತದೆ.

ಆ ವರದಿಯ ಇನ್ನೊಂದು ಅಂಕಿಯನ್ನು ಮರೆಸಬಾರದು. ತೂಕ ಅಷ್ಟು ಇಳಿಸಿಕೊಂಡವರು ಹತ್ತರಲ್ಲಿ ಒಬ್ಬರು ಮಾತ್ರ. ನಡೆಯಿರಿ ಎನ್ನುವುದು ಸುಲಭ, ನಡೆಯುವುದು ಕಷ್ಟ. ನಮ್ಮ ಮೊಹಲ್ಲಾಗಳ ಹೆಂಗಸರಿಗಂತೂ ಇದು ಇನ್ನೂ ಕಷ್ಟ. ಓಣಿಯಲ್ಲಿ ಕಾಲಿಡಲು ಜಾಗವಿಲ್ಲ, ಪಾರ್ಕು ದೂರ, ಸಂಜೆಯಾದರೆ ಅಡುಗೆ. ನೆಂಟರು 'ಈ ವಯಸ್ಸಿನಲ್ಲಿ ಬೂಟು ಹಾಕಿಕೊಂಡು ಎಲ್ಲಿಗೆ?' ಎಂದು ನಗುತ್ತಾರೆ. ಗಂಡಸರು ಬೆಳಗಿನ ನಮಾಜು ಮುಗಿಸಿ ನಾಲ್ಕು ಸುತ್ತು ಹಾಕಿ ಬರಬಹುದು. ಹೆಂಗಸರು ಮಾತ್ರೆಗೆ ಕೈ ಚಾಚುವುದು ಸೋಮಾರಿತನದಿಂದಲ್ಲ, ಬಾಗಿಲು ದಾಟದೆ ಮಾಡಬಹುದಾದದ್ದು ಅದೊಂದೇ ಎಂಬ ಕಾರಣದಿಂದ. ಈ ಮಾತನ್ನು ಯಾವ ವೈದ್ಯರ ಚೀಟಿಯೂ ಬರೆಯುವುದಿಲ್ಲ.

ಕೊರೊನಾ ಕಾಲದಲ್ಲಿ ಇದು ಮಿತಿಮೀರಿತು. ಮನೆಮನೆಯಲ್ಲಿ ಅಮೃತಬಳ್ಳಿಯ ಕಷಾಯ ಕುದಿಯಿತು. 2021ರಲ್ಲಿ ಮುಂಬೈಯ ವೈದ್ಯರು ಅದನ್ನು ಕುಡಿದು ಯಕೃತ್ತು ಕೆಟ್ಟ ಆರು ಮಂದಿಯ ವಿವರ ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಅದೇ ಜಾತಿಯ ಬೇರೆ ಬಳ್ಳಿ ಇದ್ದಿರಬಹುದು ಎಂದಿತು. ಮರುವರ್ಷ ದೇಶದ ಹಲವು ಕೇಂದ್ರಗಳ ತಜ್ಞರು ಸೇರಿ 43 ಮಂದಿಯ ವರದಿ ತಂದರು. ಮೈಯ ರಕ್ಷಣಾವ್ಯವಸ್ಥೆ ತನ್ನ ಯಕೃತ್ತಿನ ಮೇಲೆಯೇ ತಿರುಗಿಬೀಳುವ ಲಕ್ಷಣಗಳು ಅವರಲ್ಲಿ ಕಂಡವು. ಕೆಲವರಲ್ಲಿ ಆ ದೋಷ ಮೊದಲೇ ಸದ್ದಿಲ್ಲದೆ ಇತ್ತು. ಕೋಟಿಗಟ್ಟಲೆ ಜನ ಕುಡಿದದ್ದರಲ್ಲಿ 43 ಎಷ್ಟು ಎಂದು ಕೇಳಬಹುದು. ಆ ಕೆಲವರಲ್ಲಿ ನಾವಿದ್ದೇವೆಯೇ ಎಂದು ಮೊದಲೇ ಯಾರಿಗೆ ಗೊತ್ತು?

ಅರಿಶಿನದ ಕತೆಯೂ ಇದೇ. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೆ ದೋಷವಿಲ್ಲ. ಅದರ ಸತ್ವವನ್ನು ಹಿಂಡಿ, ಮೈಗೆ ಬೇಗ ಹತ್ತಲೆಂದು ಕಾಳುಮೆಣಸಿನ ಸತ್ವ ಸೇರಿಸಿ ಕ್ಯಾಪ್ಸೂಲಿನಲ್ಲಿ ತುಂಬಿದಾಗ ಅದು ಬೇರೆಯದೇ ವಸ್ತು. ಅಮೆರಿಕದ ತಜ್ಞರ ಜಾಲವೊಂದು ಅರಿಶಿನದ ಪೂರಕಗಳಿಂದ ಯಕೃತ್ತಿಗೆ ಪೆಟ್ಟಾದ ಹತ್ತು ಪ್ರಕರಣಗಳನ್ನು 2022ರಲ್ಲಿ ಮುಂದಿಟ್ಟಿತು. ಹಸಿರು ಚಹಾದ ಸತ್ವದಿಂದ ಮಾಡಿದ ತೂಕ ಇಳಿಸುವ ಒಂದು ಕ್ಯಾಪ್ಸೂಲನ್ನು ಫ್ರಾನ್ಸ್, ಸ್ಪೇನ್ ದೇಶಗಳು 2003ರಲ್ಲಿಯೇ ಮಾರುಕಟ್ಟೆಯಿಂದ ಹೊರಗಿಟ್ಟಿದ್ದವು. ಇನ್ನು ಪುಡಿಗಳಲ್ಲಿ ಸೇರಿಕೊಳ್ಳುವ ಲೋಹಗಳು: ಬಾಸ್ಟನ್ನಿನ ಅಂಗಡಿಗಳಲ್ಲಿ ಮಾರುತ್ತಿದ್ದ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಪಾಷಾಣ ಸಿಕ್ಕಿತೆಂದು 2004ರ ಒಂದು ವರದಿ ಹೇಳಿತು. ಕಾಸನಿ ಕೊಟ್ಟ ಹಕೀಮರಿಗೂ ಹೆಸರೇ ಇಲ್ಲದ ಡಬ್ಬಿಯ ಪುಡಿಗೂ ಇರುವ ಅಂತರ ಇಷ್ಟು. ಆ ಹಕೀಮರು ರೋಗಿಯನ್ನು ನೋಡುತ್ತಿದ್ದರು, ಡಬ್ಬಿ ನೋಡುವುದಿಲ್ಲ.

ಮೂಲಿಕೆಯನ್ನು ನಾವು ಹಳಿಯುತ್ತಿಲ್ಲ. ಬೆಂಗಳೂರಿನ ರಾಷ್ಟ್ರೀಯ ಯೂನಾನಿ ವೈದ್ಯ ಸಂಸ್ಥೆಯಂಥ ಕಡೆ ಓದಿದ ಹಕೀಮರಿದ್ದಾರೆ, ಸಂಶೋಧನೆಯೂ ನಡೆಯುತ್ತದೆ. ಮೂಲಿಕೆ ತೆಗೆದುಕೊಳ್ಳಲೇಬೇಕೆನ್ನುವವರು ಅಂಥವರ ಬಳಿ ಹೋಗಿ, ಮೊದಲು ಮತ್ತು ಮಧ್ಯೆ ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿ, ಸಕ್ಕರೆಯ ವೈದ್ಯರಿಗೂ ತಿಳಿಸಲಿ. ಖಾಲಾ ಮಾಡಿದ ತಪ್ಪು ಮೂಲಿಕೆ ತಿಂದದ್ದಕ್ಕಿಂತ ಹೆಚ್ಚಾಗಿ, ನಾಲ್ಕನ್ನೂ ಯಾರಿಗೂ ಹೇಳದೆ ತಿಂದದ್ದು.

ಈ ರೋಗಕ್ಕೆಂದೇ ಮೊದಲ ಮಾತ್ರೆಗೆ ಅಮೆರಿಕದ ಔಷಧಿ ಇಲಾಖೆ ಒಪ್ಪಿಗೆ ಕೊಟ್ಟದ್ದು 2024ರ ಮಾರ್ಚ್‌ನಲ್ಲಿ. ರೆಸ್‌ಮೆಟಿರೋಮ್ ಅದರ ಹೆಸರು. 2025ರ ಆಗಸ್ಟ್‌ನಲ್ಲಿ ಸೆಮಾಗ್ಲುಟೈಡ್ ಚುಚ್ಚುಮದ್ದಿಗೂ ಒಪ್ಪಿಗೆ ಸಿಕ್ಕಿತು. ಎರಡರ ಒಪ್ಪಿಗೆ ಪತ್ರದಲ್ಲಿಯೂ ಒಂದೇ ಷರತ್ತು: ಮಿತ ಆಹಾರ ಮತ್ತು ವ್ಯಾಯಾಮದ ಜೊತೆಯಲ್ಲಿ ಕೊಡತಕ್ಕದ್ದು.

ಖಾಲಾ ಈಗ ಅಸರ್ ನಮಾಜು ಮುಗಿಸಿ ಸೊಸೆಯ ಜೊತೆ ಮನೆಯ ತಾರಸಿಯ ಮೇಲೆ ನಡೆಯುತ್ತಾರೆ. ಮೊದಲ ವಾರ ಹತ್ತು ಸುತ್ತಿಗೆ ಮಂಡಿ ಹಿಡಿದುಕೊಳ್ಳುತ್ತಿದ್ದರು. ಈಗ ಮಗ್ರಿಬಿನ ಬಾಂಗಿನವರೆಗೂ ನಿಲ್ಲುವುದಿಲ್ಲ. ಪಕ್ಕದ ತಾರಸಿಯಿಂದ ಇನ್ನಿಬ್ಬರು ಕೂಗಿ ಕೇಳಿ, ತಮ್ಮ ತಾರಸಿಯಲ್ಲಿ ತಾವೂ ಶುರು ಮಾಡಿದ್ದಾರೆ. ನಾಲ್ಕು ಕಿಲೋ ಇಳಿದಿದೆ. ವರದಿ ಬೀರುವಿನಿಂದ ಹೊರಬಂದು ಮಗನ ಫೈಲಿಗೆ ಸೇರಿದೆ. ಮುಂದಿನ ಸ್ಕ್ಯಾನಿಂಗ್ ಬರುವ ತಿಂಗಳು.